ಇನ್ನೊಬ್ಬಳ ಕೈಗುಣ

“ನೀ ಅಲ್ಲ ಬಿಡವಾ,” ಎಂದಳು ಮುದುಕಿ.

ಶಾಹೀಸ್ತಾ ಬಾಗಿಲ ಚೌಕಟ್ಟಿಗೆ ಕೈಯಾನಿಸಿ ನಿಂತಿದ್ದಳು. ಸಿಂಧನೂರಿನ ಆ ಓಣಿಗೆ ಬೆಳಗಿನ ನೀರು ಬಿಟ್ಟಿದ್ದರು. ಕೊಡಗಳ ಸದ್ದು, ಹೆಂಗಸರ ಜಗಳ. ಅದರ ನಡುವೆ ತನ್ನ ಮಾತು ಮುದುಕಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದಳು.

“ನಾನ ರೀ ಅಜ್ಜೀ ಶಾಹೀಸ್ತಾ. ನರ್ಸ್ ಶಾಹೀಸ್ತಾ. ಯಾರು ಬೇಕಾಗಿತ್ತು ನಿಮಗ?”

“ಶಾಹೀಸ್ತಾ ಸಿಸ್ಟರ್ ಬೇಕಾಗ್ಯಾಳ. ಮೆಡಿಕಲ್ ಅಂಗಡಿಯಾವ ಇದ ಮನಿ ಅಂತ ತೋರಿಸ್ಯಾನ.” ಮುದುಕಿ ಒಂದು ಹೆಜ್ಜೆ ಹತ್ತಿರ ಬಂದು, ಹಣೆಗೆ ಕೈ ಅಡ್ಡ ಹಿಡಿದು, ಅವಳ ಮುಖವನ್ನು ಮತ್ತೆ ನೋಡಿದಳು. “ನೀ ಆಕಿ ಅಲ್ಲ. ನನ್ನ ಮೊಮ್ಮಗಳನ್ನ ಹೊಟ್ಟಿಯೊಳಗಿಂದ ಎಳದು ತಂದಾಕೀ ಮಾರಿ ನನಗ ಗೊತ್ತಿಲ್ಲೇನು?”

ಅವಳ ಕೈಯಲ್ಲೊಂದು ಗಂಟಿತ್ತು. ಹೊಸ ಅಕ್ಕಿ, ಒಣಕೊಬ್ಬರಿ, ಮೇಲೊಂದು ಹಸಿರು ಕುಪ್ಪಸದ ಕಣ. ಉಡಿ ತುಂಬಲು ತಂದದ್ದು. ಶಾಹೀಸ್ತಾ ಅದರತ್ತ ನೋಡಿದ್ದೇ ತಡ, ಮುದುಕಿ ಗಂಟನ್ನು ಎದೆಗೆ ಅವಚಿಕೊಂಡಳು.

ಹೀಗೆ ಬಂದು ಮುಖ ನೋಡಿ ತಿರುಗಿ ಹೋದವರಲ್ಲಿ ಈ ಮುದುಕಿ ಮೊದಲನೆಯವಳಲ್ಲ.

ಯಾರೋ ಒಬ್ಬಳು ಶಾಹೀಸ್ತಾಳ ನರ್ಸಿಂಗ್ ಸರ್ಟಿಫಿಕೇಟು, ಆಧಾರ್, ಹೆಸರು ಎಲ್ಲವನ್ನೂ ತನ್ನದಾಗಿಸಿಕೊಂಡು ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನೌಕರಿ ಮಾಡಿದ್ದಳು. ಅದು ಗೊತ್ತಾದ ದಿನದಿಂದ ಕಚೇರಿ ಕಚೇರಿ ಅಲೆದು ಶಾಹೀಸ್ತಾ ತನ್ನ ಹೆಸರನ್ನು ವಾಪಸ್ ಪಡೆದಿದ್ದಳು. ನೋಂದಣಿ ಹೊಸದಾಗಿ ಕೈಗೆ ಬಂದಿತ್ತು. ಆಧಾರ್‌ಗೆ ತನ್ನದೇ ಫೋನ್ ನಂಬರು, ತನ್ನದೇ ಮುಖ ಬಂದಿತ್ತು.

ಆದರೆ ಹೆಸರಿನ ಬೆನ್ನಿಗೇ ಆ ಹೆಸರು ಮಾಡಿದ್ದೆಲ್ಲವೂ ಬಂತು. ಲಿಂಗಸುಗೂರಿನ ಆ ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿ ಸತ್ತಿದ್ದಳು. ತಪ್ಪು ಇಂಜೆಕ್ಷನ್ ಕೊಟ್ಟು ಓಡಿಹೋದವಳು ನರ್ಸ್ ಶಾಹೀಸ್ತಾ ಎಂದು ಆಸ್ಪತ್ರೆಯವರು ಹೇಳಿಕೆ ಕೊಟ್ಟಿದ್ದರು. ಅಂದಿನಿಂದ ಆ ಇನ್ನೊಬ್ಬಳು ನಾಪತ್ತೆ. ಸಮನ್ಸ್ ಬಂದದ್ದು ಈ ಬಾಗಿಲಿಗೆ.

“ಅಜ್ಜೀ, ಒಳಗ ಬರ್ರಿ. ನೀರು ಕುಡೀರಿ,” ಶಾಹೀಸ್ತಾ ದನಿ ತಗ್ಗಿಸಿದಳು. “ಯಾವೂರು ನಿಮ್ದು?”

“ದಢೇಸುಗೂರು. ಆದಮ್ಮ ಅಂತಾರ ನನಗ.”

“ಮೊಮ್ಮಗಳು ಯಾವಾಗ ಹುಟ್ಯಾಳ?”

“ಮೊನ್ನಿ ಅಮಾಸಿ ಹಿಂದಿನ ದಿನ.”

ಲಿಂಗಸುಗೂರಿನ ಬಾಣಂತಿ ಸತ್ತದ್ದು ಅದಕ್ಕೂ ಮುಂಚೆ. ಪೊಲೀಸರು ಹೈದರಾಬಾದಿನತನಕ ಹುಡುಕಿಸುತ್ತಿದ್ದ ಹೆಂಗಸು ಇಲ್ಲೇ, ಕಾಲುವೆ ಪಕ್ಕದ ಊರಲ್ಲಿ, ಇವಳದೇ ಹೆಸರು ಹೇಳಿಕೊಂಡು ಹೆರಿಗೆ ಮಾಡಿಸಿದ್ದಳು.

ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು. ಅವಳು ಅತ್ತ ಹೋಗದೆ ಫೋನ್ ಕೈಗೆತ್ತಿಕೊಂಡಳು.

*

ಲಿಂಗಸುಗೂರು ಠಾಣೆಯ ಹೆಡ್ ಕಾನ್‌ಸ್ಟೇಬಲ್ ಕಸ್ತೂರೆಮ್ಮ ಪ್ರಶ್ನೆ ಕೇಳುವವಳಲ್ಲ. ಒಂದು ಮಾತು ಹೇಳಿ ಸುಮ್ಮನಾಗುತ್ತಾಳೆ. ಎದುರಿನವರಿಗೆ ಆ ಮೌನ ತಡೆಯಲಾಗದೆ ತಾವೇ ಬಾಯಿ ಬಿಡುತ್ತಾರೆ. ಕೇಸು ಅವಳ ಕೈಗೆ ಬಂದಾಗಿನಿಂದ ಶಾಹೀಸ್ತಾಳ ಮೇಲೂ ಅದೇ ಉಪಾಯ ನಡೆಸಿದ್ದಳು. ನಂಬಿದ್ದಾಳೋ ಇಲ್ಲವೋ ಇಂದಿಗೂ ತಿಳಿಯದು.

ಮಫ್ತಿಯಲ್ಲಿ, ಸ್ಕೂಟರ್ ಮೇಲೆ ಬಂದಳು. ಆದಮ್ಮನನ್ನು ಆಟೋದಲ್ಲಿ ಮುಂದೆ ಕಳಿಸಿ, ಶಾಹೀಸ್ತಾಳನ್ನು ಹಿಂದೆ ಕೂರಿಸಿಕೊಂಡು ಹೊರಟಳು.

ದಾರಿಯುದ್ದಕ್ಕೂ ನಾಟಿಯಾದ ಗದ್ದೆ. ನಿಂತ ನೀರಿನಲ್ಲಿ ಆಕಾಶ ಬಿದ್ದಿತ್ತು. ಬೆಳ್ಳಕ್ಕಿಗಳು ಒಂದೂ ಕದಲದೆ ನಿಂತಿದ್ದವು. ಶಾಹೀಸ್ತಾಳಿಗೆ ಈ ಕಡೆ ಬಂದಾಗಲೆಲ್ಲ ಕಾರಣವಿಲ್ಲದೆ ಎದೆ ಭಾರವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಆಸೀಮನಿಗೆ ಹಾಗೆಂದಾಗ ಅವನು ನಕ್ಕು, “ಕಾಲುವಿ ಹವಾ ನಿನಗ ಆಗಿಬರಂಗಿಲ್ಲ” ಎಂದಿದ್ದ.

ಆದಮ್ಮನ ಅಂಗಳದಲ್ಲಿ ಅವರು ಇಳಿಯುವಷ್ಟರಲ್ಲಿ ಹೆಂಗಸರು ನೆರೆದಿದ್ದರು. ಯಾರೂ ಮಾತಾಡಿಸಲಿಲ್ಲ. ಕಂಬದ ಹಿಂದಿನಿಂದ ಯಾರೋ ಪಿಸುಗುಟ್ಟಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

“ಇಕೀನ ಅಂತ ನೋಡು, ಸಿಸ್ಟರ್ ಹೆಸರು ಕದ್ದಾಕಿ.”

ಶಾಹೀಸ್ತಾ ಥಟ್ಟನೆ ತಿರುಗಿದಳು. ಕಸ್ತೂರೆಮ್ಮ ಅವಳ ಮೊಣಕೈ ಹಿಡಿದು ಅದುಮಿದಳು, ಸುಮ್ಮನಿರು ಎಂಬಂತೆ.

ಆದಮ್ಮ ಅಂಗಳದ ಅಂಚಿಗೆ ಹೋಗಿ ಕೂಗಿದಳು. “ಏ ಶಾಹೀ! ಕುಡಿಯಾಕ ನೀರು ತಾರs!”

ಮೂರು ದಿಕ್ಕಿನಿಂದ ಮೂರು ಹುಡುಗಿಯರು ಓಡಿಬಂದರು. ಒಬ್ಬಳಿಗೆ ಇನ್ನೂ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ.

“ಇವರೆಲ್ಲಾ ಯಾರು ರೀ?” ಶಾಹೀಸ್ತಾ ಕೇಳಿದಳು.

“ಎಲ್ಲಾ ಆಕೀ ಕೈಯಾಗ ಹುಟ್ಟಿದಾವ. ದವಾಖಾನಿ ಸೂಟಿ ಇದ್ದಾಗೆಲ್ಲಾ ಇಲ್ಲಿಗೆ ಬರ್ತಿದ್ಲು. ಇಕಿ ಶರಣಮ್ಮ, ಇಕಿ ಹುಲಿಗೆಮ್ಮ. ಸಣ್ಣಾಕಿ ನಮ್ಮ ಬಾಜೂ ಮನಿ ಇಲಿಯಾಸನ ಮಗಳು. ಬರೆಸಿದ್ದು ಹಂಗ, ಕರಿಯೋದು ಎಲ್ಲಾರನೂ ಶಾಹೀ ಅಂತ.” ಮುದುಕಿಯ ದನಿಯಲ್ಲಿ ಹೆಮ್ಮೆಯಿತ್ತು. “ಆಕೀ ಕೈಗುಣ ಅಂಥಾದ್ದು ಯವ್ವಾ. ಆಕಿ ಬಂದು ಹೊಸ್ತಿಲಾ ತುಳುದ್ರ ಸಾಕು, ಬ್ಯಾನಿ ಅರ್ಧಾ ಇಳೀತೈತಿ.”

ಮೂರು ಮಕ್ಕಳೂ ಶಾಹೀಸ್ತಾಳನ್ನು ನೋಡುತ್ತ ನಿಂತವು. ತನ್ನ ಹೆಸರಿಗೆ ಓಡಿಬಂದ ಆ ಮುಖಗಳ ಎದುರು ಅವಳಿಗೆ ನೀರಿನ ಲೋಟ ಹಿಡಿಯಲೂ ಕೈ ಬರಲಿಲ್ಲ. ತಾನು ಓದಿದ್ದು ಸೂಲಗಿತ್ತಿ ನರ್ಸಿನ ಓದು. ಮದುವೆಯಾದ ಮೇಲೆ ಒಂದು ಕೂಸನ್ನೂ ಹಿಡಿದಿಲ್ಲ. ತನ್ನ ಹೆಸರು ಮಾತ್ರ ಊರೂರು ತಿರುಗಿ ಮಕ್ಕಳನ್ನು ಹೊರಗೆ ತಂದಿದೆ.

ಬಾಣಂತಿಯ ಕೋಣೆ ಕತ್ತಲಾಗಿತ್ತು. ಕಿಟಕಿಗೆ ಕಂಬಳಿ ಬಿಗಿದಿದ್ದರು. ಅಗ್ಗಿಷ್ಟಿಕೆಯ ಹೊಗೆ ಕಣ್ಣಿಗೆ ಹತ್ತುತ್ತಿತ್ತು. ಆದಮ್ಮನ ಸೊಸೆ ತೆಲುಗು ಸೀಮೆಯ ಕಡೆಯವಳಂತೆ, ಕನ್ನಡಕ್ಕೆ ಅಲ್ಲಿಯ ರಾಗ. ತಲೆಗೆ ಬಟ್ಟೆ ಸುತ್ತಿಕೊಂಡು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು.

“ಸೂಜಿ ಚುಚ್ಚ್ಯಾಳ ಆಕಿ ನಿನಗ,” ಎಂದಳು ಕಸ್ತೂರೆಮ್ಮ, ಹೊಸ್ತಿಲಲ್ಲೇ ಕೂತು.

“ಇಲ್ಲ ರೀ! ಆಕಿ ಸೂಜಿ ಮುಟ್ಟಂಗs ಇಲ್ಲ. ನಾನs ಕೇಳಿದೆ, ಬ್ಯಾನಿ ತಡ್ಯಾಕ ಆಗವಲ್ದು, ಇಂಜೆಕ್ಷನ್ ಹಾಕ್ರಿ ಅಂತ. ‘ಸೂಜಿ ನನ್ನ ಕೆಲಸ ಅಲ್ಲ ತಾಯಿ, ಅದು ಬೇಕಂದ್ರ ದವಾಖಾನಿಗೆ ನಡಿ’ ಅಂದ್ಲು.”

ಕಸ್ತೂರೆಮ್ಮನ ಹುಬ್ಬು ಸ್ವಲ್ಪ ಮೇಲೇರಿತು. ಶಾಹೀಸ್ತಾಳಿಗೂ ಅರ್ಥವಾಯಿತು. ಆಸ್ಪತ್ರೆಯವರ ಹೇಳಿಕೆಯಲ್ಲಿ ಬರೆದಿದ್ದೇ ಇಂಜೆಕ್ಷನ್ ಮಾತು. ಸೂಜಿ ಮುಟ್ಟದವಳು ಅಲ್ಲಿ ಚುಚ್ಚಿದ್ದಾದರೂ ಯಾರಿಗೆ, ಯಾತಕ್ಕೆ? ಅಥವಾ ಚುಚ್ಚಿದವರು ಬೇರೆಯೇ?

ಕೂಸು ಕುಸುಕುಸು ಅಂತು. ಬಾಣಂತಿ ಕಾಲು ಅಲುಗಿಸುತ್ತ ಗುನುಗತೊಡಗಿದಳು. ಅರ್ಥ ತಿಳಿಯದೆ ಬಾಯಿಗೆ ಬಂದಂತೆ ಹಾಡುವ ಹಾಡು.

“ಚಾಂದಾಕೋ ಗುಡ್ಡಪೋ ಬೈಟಾ… ಮುನ್ನೀಕೂ ಬುಲಾತಾ…”

ಶಾಹೀಸ್ತಾ ಬಾಣಂತಿಯ ಹತ್ತಿರ ಸರಿದಳು.

ಚಂದ್ರ ಬಂದು ಗುಡ್ಡದ ಮೇಲೆ ಕೂತ, ಮಗಳನ್ನು ಕರೀತಾನ. ಗುಡ್ಡ ಎಂಬ ಕನ್ನಡ ಮಾತನ್ನು ದಖನಿ ಹಾಡಿನೊಳಗೆ ತುರುಕಿದವಳು ಜಗತ್ತಿನಲ್ಲಿ ಒಬ್ಬಳೇ. ಶಾಹೀಸ್ತಾಳ ತಾಯಿ ಸುಭಾನಬಿ. ಹಾಡು ಕಟ್ಟಿದ್ದೇ ಅವಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ತಲೆ ತಟ್ಟುತ್ತ ಹಾಡುತ್ತಿದ್ದಳು. ಹಾಡುತ್ತ ಹಾಡುತ್ತ ಯಾವಾಗಲೂ ನಡುವೆಯೇ ಅತ್ತುಬಿಡುತ್ತಿದ್ದಳು.

“ಈ ಹಾಡು ಯಾರು ಕಲಿಸಿದ್ರು?”

“ಸಿಸ್ಟರ್ ರೀ. ಕೂಸು ಹುಟ್ಟಿದ ಕೂಡಲೇ ಕಿವ್ಯಾಗ ಹಾಡ್ತಾಳ. ಯಾವ ಮನಿಗೆ ಹೋದ್ರೂ ಹಾಡ್ತಾಳಂತ. ಹಾಡಿ, ಸುತ್ತಲೂ ಇದ್ದ ಹೆಂಗಸರ ಮಾರಿ ಒಂದೊಂದs ನೋಡ್ತಾಳ. ಯಾರರ ಏನರ ಅಂತಾರೇನು ಅನ್ನೋಹಂಗ.” ಬಾಣಂತಿ ಫೋನ್ ತೆಗೆದು ಅತ್ತೆಯ ಕಡೆ ಕಳ್ಳನೋಟ ಬೀರಿದಳು. “ಫೋಟೋ ತೆಗಿಬ್ಯಾಡ ಅಂದಿದ್ಲು. ನನ್ನ ತಮ್ಮ ಕಂಬಳಿ ಸರಿಸಿ ಕಿಟಕ್ಯಾಗಿಂದ ಒಂದು ತಗದಾನ.”

ಪಕ್ಕದಿಂದ ತೆಗೆದ ಚಿತ್ರ. ಹೆಂಗಸೊಬ್ಬಳು ಕೂಸನ್ನು ಎತ್ತಿ ಹಿಡಿದಿದ್ದಾಳೆ. ದುಪಟ್ಟಾ ಜಾರಿ ಹೆಗಲಿಗೆ ಬಿದ್ದಿದೆ. ಬೆಳಕು ಪೂರ್ತಿ ಮುಖದ ಮೇಲಿದೆ.

ಶಾಹೀಸ್ತಾ ಆ ಮುಖವನ್ನು ಹುಟ್ಟಿದಾಗಿನಿಂದ ಬಲ್ಲಳು. ಮಸ್ಕಿಯ ಮನೆಯ ಗೋಡೆಯ ಮೇಲೆ, ತಾಯಿ-ತಂದೆಯ ಮದುವೆಯ ಫೋಟೋದಲ್ಲಿ ಇದ್ದದ್ದು ಅದೇ. ಅದೇ ಚೂಪು ಗದ್ದ, ಅದೇ ಕೂಡಿದ ಹುಬ್ಬು, ಮೂಗಿನ ತುದಿಯ ಅದೇ ಸಣ್ಣ ಬಾಗು. ತಾಯಿಯ ಹರೆಯದ ಮುಖವನ್ನು ಯಾರೋ ಕತ್ತರಿಸಿ ತಂದು ಈ ಹೆಂಗಸಿನ ಕೊರಳಿಗೆ ಅಂಟಿಸಿದ ಹಾಗಿತ್ತು.

“ನಿನಗ ಗೊತ್ತಿದ್ದಾಕಿ,” ಎಂದಳು ಕಸ್ತೂರೆಮ್ಮ.

“ಇಲ್ಲ ಅಕ್ಕಾ. ಎಂದೂ ನೋಡಿಲ್ಲ.”

“ನೋಡಲಾರದಾರ ಮಾರೀನ ಯಾರೂ ಇಷ್ಟೊತ್ತು ನೋಡಂಗಿಲ್ಲ ತಂಗಿ.”

ಆ ಮೌನವನ್ನು ಶಾಹೀಸ್ತಾ ಬಹಳ ಹೊತ್ತು ತಡೆಯಲಾರದೆ ಹೋದಳು.

ಚಿತ್ರವನ್ನು ತನ್ನ ಫೋನಿಗೆ ಹಾಕಿಸಿಕೊಂಡು, “ಮಸ್ಕಿಗೆ ಹೋಗೂಣು ನಡೀರಿ,” ಎಂದಳು.

*

ಸಿಂಧನೂರು ದಾಟಿ ಮಸ್ಕಿಯ ದಾರಿ ಹಿಡಿದ ಮೇಲೆ ಗದ್ದೆಗಳು ಹಿಂದೆ ಬಿದ್ದವು. ಬಂಡೆಗಳು ಶುರುವಾದವು. ಗಾಳಿಗೆ ಕಸ್ತೂರೆಮ್ಮನ ಸೆರಗು ಬಡಿಯುತ್ತಿತ್ತು.

ಶಾಹೀಸ್ತಾಳ ತಲೆಯಲ್ಲಿ ಹಳೆಯ ಮಾತುಗಳು ಒಂದೊಂದಾಗಿ ಎದ್ದು ಬರುತ್ತಿದ್ದವು. ಮದುವೆಯಲ್ಲಿ ಬೀಗತಿಯರು ನೋಡಿ, “ಹುಡುಗಿ ತಾಯಿ ಹಂಗಿಲ್ಲ” ಎಂದಿದ್ದರು. ಸುಭಾನಬಿ ಥಟ್ಟನೆ, “ಅಪ್ಪನ ಕಡಿ ಮಂದೀ ಮಾರಿ ಬಂದೈತಿ” ಎಂದಿದ್ದಳು. ತೀರಿಹೋದ ಅಪ್ಪ ಹಸನ್‌ಸಾಬನ ಕಡೆಯವರನ್ನು ಶಾಹೀಸ್ತಾ ನೋಡಿಯೇ ಇರಲಿಲ್ಲ. ಅವರ ಮನೆಗೆ ನೆಂಟರೆಂಬುವರು ಬಂದದ್ದೇ ಕಡಿಮೆ.

ಮೂರು ವರ್ಷದ ಹಿಂದೆ ನೌಕರಿಗೆ ಅರ್ಜಿ ಹಾಕಬೇಕೆಂದಾಗ, ತಾಯಿಯ ಟ್ರಂಕಿನಲ್ಲಿಟ್ಟಿದ್ದ ಸರ್ಟಿಫಿಕೇಟು ಕೇಳಿದ್ದಳು. ಇಲಿ ಕಡಿದು ಹಾಳಾದವು, ಒಲೆಗೆ ಹಾಕಿದೆ ಎಂದಿದ್ದಳು ಸುಭಾನಬಿ. ಶಾಹೀಸ್ತಾ ಒಂದು ವಾರ ಅತ್ತು ಸುಮ್ಮನಾಗಿದ್ದಳು. ತಾಯಿಯ ಮೇಲೆ ಸಂಶಯಪಡಬೇಕು ಎಂದು ಯಾವ ಮಗಳಿಗೆ ಹೊಳೆಯುತ್ತದೆ?

ಮಸ್ಕಿಯ ಗುಡ್ಡ ಎದುರಿಗೆ ಬಂದಿತು. ಮಧ್ಯಾಹ್ನದ ಬಿಸಿಲಲ್ಲೂ ಅದರ ಒಂದು ಮಗ್ಗುಲು ಕಪ್ಪಾಗಿಯೇ ಇತ್ತು.

*

ಸುಭಾನಬಿಯ ಮನೆ ಬಜಾರಿನ ಹಿಂದೆ. ಮುಂದಿನ ಕೋಣೆಯಲ್ಲಿ ಶಾವಿಗೆ ಮಶೀನು. ಹಿಟ್ಟಿನ ಡಬ್ಬಿ ಹಿಡಿದ ಹೆಂಗಸರು ಇಬ್ಬರು ಮೂವರು ಯಾವಾಗಲೂ ಕೂತಿರುತ್ತಾರೆ. ಛತ್ತಿನಿಂದ ಇಳಿಬಿಟ್ಟ ಬಿದಿರ ಕೋಲುಗಳ ಮೇಲೆ ಹಸಿ ಶಾವಿಗೆ ಎಳೆಎಳೆಯಾಗಿ ಒಣಗುತ್ತಿರುತ್ತದೆ. ಎಷ್ಟೋ ಹೆಂಗಸರು ತಲೆಗೂದಲು ಬಿಚ್ಚಿ ಸಾಲಾಗಿ ನಿಂತ ಹಾಗೆ ಅಂದು ಶಾಹೀಸ್ತಾಳಿಗೆ ಕಂಡಿತು.

“ಬಾ ಬೇಟಿ. ಫೋನರ ಮಾಡಿ ಬರಬಾರದೇನು?” ಸುಭಾನಬಿ ಮಶೀನಿನ ಹಿಂದಿನಿಂದಲೇ ಅಂದಳು. ಮೊಣಕೈತನಕ ಹಿಟ್ಟು. ಅರವತ್ತು ದಾಟಿದ್ದರೂ ಗಟ್ಟಿ ಆಳು. ಕಸ್ತೂರೆಮ್ಮನನ್ನು ನೋಡಿ ಅವಳ ನಗು ಅರ್ಧಕ್ಕೆ ನಿಂತಿತು.

ಶಾಹೀಸ್ತಾ ಫೋನಿನ ಚಿತ್ರವನ್ನು ಅವಳ ಮುಖದ ಮುಂದೆ ಹಿಡಿದಳು. ಏನೂ ಕೇಳಲಿಲ್ಲ. ಕಸ್ತೂರೆಮ್ಮನಿಂದ ಅಷ್ಟು ಕಲಿತಿದ್ದಳು.

ಸುಭಾನಬಿ ನೋಡಿದಳು. ಹಿಟ್ಟಿನ ಕೈಯನ್ನು ಮುಂದೆ ಚಾಚಿ, ಚಿತ್ರಕ್ಕೆ ತಾಗಿಸದೆ, ಗಾಳಿಯಲ್ಲೇ ಆ ಕೆನ್ನೆಯನ್ನು ಸವರಿದಳು.

“ಸೊರಗ್ಯಾಳ,” ಎಂದಳು.

ಯಾರು ಎಂದು ಅವಳು ಕೇಳಲೇ ಇಲ್ಲ.

ಮಶೀನು ನಿಲ್ಲಿಸಿ, ಹೆಂಗಸರಿಗೆ ಸಂಜೆ ಬರ್ರಿ ಎಂದು ಕಳಿಸಿ, ಬಾಗಿಲು ಮುಂದೆ ಮಾಡಿದಳು. ಕೈ ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂತಳು. ಇಷ್ಟರಲ್ಲಿ ಶಾಹೀಸ್ತಾಳ ಕಣ್ಣು ಗೋಡೆಯ ಮದುವೆ ಫೋಟೋ ಇದ್ದ ಜಾಗಕ್ಕೆ ಹೋಯಿತು. ಮೊಳೆ ಇತ್ತು. ಫೋಟೋ ಇರಲಿಲ್ಲ.

“ಇಲಿ ಕಡದಾವ ಅಂದಿದ್ದಿ ಅಮ್ಮೀ.”

“ಸುಳ್ಳು ಹೇಳಿದ್ದೆ.”

“ಯಾರರ ಕದ್ದು ಒಯ್ದ್ರೇನು?”

“ಯಾರೂ ಕದ್ದಿಲ್ಲ. ನಾನs ಕೊಟ್ಟೆ.”

ಶಾಹೀಸ್ತಾಳ ಬಾಯಿಂದ ಹೊರಟದ್ದು ಅವಳದೇ ದನಿ ಎನಿಸಲಿಲ್ಲ.

“ನಾ ಓದಿದ್ದು ಅದು! ರಾಯಚೂರಿನ ಹಾಸ್ಟೆಲ್‌ನ್ಯಾಗ ನೀರಿನಂಥಾ ಸಾರು ಉಂಡು, ಹಬ್ಬಕ್ಕೂ ಮನಿಗೆ ಬರದಂಗ ಓದಿದ್ದು! ನಾಳೆ ಕೋರ್ಟಿನ್ಯಾಗ ಕಟಕಟ್ಯಾಗ ನಿಲ್ಲಾಕಿ ನಾನು. ಸತ್ತಾಕೀ ಗಂಡ ನನ್ನ ಮಾರಿಗೆ ಉಗುಳ್ಯಾನ, ಗೊತ್ತೇನು ನಿನಗ? ಹಾದೀಲೆ ಹೋಗಾಕಿಗೆ ನಿನ್ನ ಮಗಳ ಹೆಸರು ಹೆಂಗ ಕೊಟ್ಟಿ?”

“ಹಾದೀಲೆ ಹೋಗಾಕಿ ಅಲ್ಲ ಆಕಿ.”

“ಯಾರಾಕಿ?”

ಸುಭಾನಬಿ ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಅದು ಮುಚ್ಚಿತ್ತು. ಮಾತಾಡತೊಡಗಿದಾಗ ದನಿ ಬೇಕಾದ್ದಕ್ಕಿಂತ ದೊಡ್ಡದಾಗಿತ್ತು. ಎದುರು ಕೂತವರಿಗಷ್ಟೇ ಹೇಳುತ್ತಿಲ್ಲವೇನೋ ಎಂಬಂತೆ.

“ಆಗ ನಾವು ಲಿಂಗಸುಗೂರಿನ್ಯಾಗ ಇದ್ವಿ. ನನಗ ಒಬ್ಬಾಕಿ ಮಗಳು. ನಡಿಯಾಕ, ಮಾತಾಡಾಕ ಕಲ್ತಿದ್ಲು. ನಿಮ್ಮಪ್ಪ ಬಸ್‌ಸ್ಟ್ಯಾಂಡಿಗೆ ಕರಕೊಂಡು ಹೋಗಿದ್ದ. ಚಾ ಕುಡಿಯಾಕ ಕೈ ಬಿಟ್ಟಾನ. ತಿರುಗಿ ನೋಡೋದ್ರಾಗ ಕೂಸು ಇಲ್ಲ.”

ಕಸ್ತೂರೆಮ್ಮ ಮುಂದಕ್ಕೆ ಬಾಗಿದಳು. “ಠಾಣ್ಯಾಗ ಕಂಪ್ಲೇಂಟ್ ಕೊಟ್ಟಿರತೀರಿ.”

“ಕೊಟ್ಟಿದ್ವಿ ಬಾಯಿ. ಹಟ್ಟಿ, ಮುದಗಲ್ಲು, ಎಲ್ಲಾ ಕಡಿ ತಿರುಗಿದ್ವಿ. ಸಿಗಲಿಲ್ಲ. ನಾ ಹುಚ್ಚಿ ಆದೆ. ಬಟ್ಟಿ ಮ್ಯಾಲ ನಿಗಾ ಇಲ್ಲ, ಊಟ ಇಲ್ಲ. ಬಸ್ ಬಂದಾಗೊಮ್ಮೆ ಓಡಿ ಹೋಗಿ ಹೆಸರು ಹಿಡಿದು ಒದರೋದು. ಹಿಂಗ ಒಂದು ಮಳಿಗಾಲ ಕಳೀತು. ಒಂದಿನ ನಿಮ್ಮಪ್ಪ ದಢೇಸುಗೂರು ಕಡಿಂದ ಬಂದ. ಹೆಗಲ ಮ್ಯಾಲ ಒಂದು ಕೂಸು. ನನ್ನ ಉಡ್ಯಾಗ ಹಾಕಿ, ‘ತಗೋ, ಶಾಹೀಸ್ತಾ ಸಿಕ್ಕಾಳ’ ಅಂದ.”

ಓಣಿಯಲ್ಲಿ ಒಂದು ಬೈಕು ಹೋಯಿತು. ಸದ್ದು ಅಡಗಿದ ಮೇಲೆ ಸುಭಾನಬಿ ಮತ್ತೆ ಶುರುಮಾಡಿದಳು.

“ನಾ ಮಾರಿ ನೋಡಿದೆ. ಕೂಸು ನಂದಲ್ಲ ಅಂತ ಆ ಗಳಿಗ್ಯಾಗs ಗೊತ್ತಾತು. ತಾಯಿಗೆ ಗೊತ್ತಾಗಂಗಿಲ್ಲೇನು? ಆ ಕೂಸು ಜ್ವರದಾಗ ಸುಡಾಕತ್ತಿತ್ತು. ನನ್ನ ಸೆರಗು ಹಿಡಕೊಂಡು ಬಿಡವಲ್ದು. ನಿಮ್ಮಪ್ಪ ನನ್ನ ಮಾರೀನ ನೋಡಾಕತ್ತಿದ್ದ. ಆಂವ ಅಳಾಕತ್ತಿದ್ದ.” ಸುಭಾನಬಿ ಕಣ್ಣೆತ್ತಿ ನೇರವಾಗಿ ಶಾಹೀಸ್ತಾಳನ್ನು ನೋಡಿದಳು. “ನಾ ‘ಹ್ಞೂ, ಸಿಕ್ಕಾಳ’ ಅಂದೆ.”

ಶಾಹೀಸ್ತಾ ಕೂತಲ್ಲೇ ಹಿಂದಕ್ಕೆ ಸರಿದಳು. ಬೆನ್ನಿಗೆ ಮಶೀನಿನ ತಣ್ಣನೆಯ ಕಬ್ಬಿಣ ತಾಗಿತು.

“ಠಾಣಿಗೆ ಹೋಗಿ ಮಗಳು ಸಿಕ್ಕಾಳಂತ ಹೇಳಿ ಬಂದ್ವಿ,” ಸುಭಾನಬಿ ಮುಂದುವರಿಸಿದಳು. “ಓಣಿ ಮಂದಿ ಕೂಸಿನ ಮಾರಿ ನೋಡಿ ನೋಡಿ ಗುಸುಗುಸು ಮಾಡಾಕತ್ತಿದ್ರು. ಅದಕ್ಕ ಊರು ಬಿಟ್ಟು ಇಲ್ಲಿಗೆ ಬಂದ್ವಿ. ಸಾಲಿಗೆ ಹಾಕೋವಾಗ ಹುಟ್ಟಿದ ಸರ್ಟಿಫಿಕೇಟ್ ಕೇಳಿದ್ರು. ಮನ್ಯಾಗ ಇದ್ದದ್ದು ಒಂದs. ಅದನ್ನs ಕೊಟ್ಟ್ವಿ.”

“ಹಂಗಾದ್ರ ಆಕಿ…”

“ಲಿಂಗಸುಗೂರು ಬಸ್‌ಸ್ಟ್ಯಾಂಡಿನ್ಯಾಗ ಒಬ್ಬ ಸೂಲಗಿತ್ತೀಗೆ ಸಿಕ್ಕಿದ್ಲಂತ. ಹಟ್ಟಿ ಕಡ್ಯಾಕಿ, ಮಕ್ಕಳಿಲ್ಲದಾಕಿ. ತನ್ನ ಕೂಸು ಅಂತ ಸಾಕ್ಯಾಳ, ತನ್ನ ವಿದ್ಯಾ ಕಲಿಸ್ಯಾಳ. ಸಾಯೋ ಮುಂದ ಖರೇ ಹೇಳ್ಯಾಳ. ಆಕೀ ಹತ್ರ ತಾಯಿದು ಅಂತ ಏನೈತಿ? ನೆನಪಿನ್ಯಾಗ ಒಂದು ಹಾಡು. ಹೆರಿಗಿ ಆದ ಮನಿ ಮನ್ಯಾಗ ಅದನ್ನ ಹಾಡಿಕೋತ ತಿರುಗ್ಯಾಳ. ಯಾವ ಹೆಂಗಸರ ‘ಇದು ನಂದು’ ಅಂದಾಳೇನು ಅಂತ.” ಸುಭಾನಬಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಬಾಜೂ ಮನಿ ಸಕೀನಾಬೀ ಮಗಳ ಹೆರಿಗಿ ಆದಾಗ ಗ್ವಾಡಿ ಆಚೆಗಿಂದ ಕೇಳಿದೆ. ಎದ್ದು ಓಡಿ ಹೋದೆ. ಬಾಗಿಲದಾಗ ನಿಂತು ಮುಂದಿನ ಸಾಲು ನಾ ಹಾಡಿದೆ.”

ಕಸ್ತೂರೆಮ್ಮ ಬಹಳ ಮೆಲ್ಲಗೆ ಹೇಳಿದಳು, “ಆಕಿ ಸರ್ಟಿಫಿಕೇಟ್ ಕೇಳ್ಯಾಳ.”

“ಆಕಿ ನನ್ನ ಆಸ್ತಿ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ಇಷ್ಟು ವರ್ಷ ಯಾವ ಕಾಗದದಾಗೂ ಇಲ್ಲದಾಕಿ. ದವಾಖಾನಿ ಕೆಲಸಕ್ಕ ಹೋದ್ರ ‘ನಿನ್ನ ಹೆಸರಿಗೆ ಏನೈತಿ’ ಅಂತ ಕೇಳ್ತಾರಂತ. ‘ನನ್ನ ಹೆಸರು ನನಗ ಕೊಡು ಅಮ್ಮೀ’ ಅಂದ್ಲು. ಹುಟ್ಟಿದ ಸರ್ಟಿಫಿಕೇಟ್, ನಿನ್ನ ಓದಿಂದು, ಆಧಾರ್ ಝೆರಾಕ್ಸ್, ಎಲ್ಲಾ ಒಂದs ಪ್ಲಾಸ್ಟಿಕ್ ಕವರಿನ್ಯಾಗ ಇದ್ವು. ಹೆಸರು ಆಕೀದು, ಓದು ನಿಂದು. ನಾ ಹೆಂಗ ಬ್ಯಾರೆ ಮಾಡ್ಲಿ? ಕವರು ಹಂಗs ಕೊಟ್ಟೆ.”

ಶಾಹೀಸ್ತಾಳಿಗೆ ಆ ಕಚೇರಿಗಳೆಲ್ಲ ನೆನಪಾದವು. ಸಾಲಿನಲ್ಲಿ ನಿಂತು, ಬೆರಳೊತ್ತಿ, ಸಹಿ ಹಾಕಿ, ಇದು ನನ್ನ ಹೆಸರು, ಕದ್ದವಳಿಂದ ಬಿಡಿಸಿಕೊಡಿ ಎಂದು ಅಂಗಲಾಚಿದ್ದು. ಕೊನೆಗೆ ಅವರು ಬಿಡಿಸಿಯೂ ಕೊಟ್ಟರು. ಮನೆಗೆ ಬಂದು ಎರಡು ರಕಾತ್ ನಮಾಜು ಮಾಡಿ ಅಲ್ಲಾಹನಿಗೆ ಶುಕ್ರ್ ಹೇಳಿದ್ದಳು. ಆ ಹೊತ್ತು ಇನ್ನೊಬ್ಬಳು ಎಲ್ಲಿದ್ದಳೋ. ಎರಡನೆಯ ಸಲ ಕಳೆದುಕೊಂಡ ಹೆಸರಿಗಾಗಿ ಅತ್ತಳೋ ಇಲ್ಲವೋ.

“ಆ ಬಾಣಂತಿ ಸತ್ತದ್ದು?” ಕಸ್ತೂರೆಮ್ಮ ಈ ಸಲ ಪ್ರಶ್ನೆಯನ್ನೇ ಕೇಳಿದಳು.

“ಆಕಿ ಕೊಂದಿಲ್ಲ. ಕೊಂದವರನ್ನ ಕಂಡಾಳ. ಅದಕ್ಕs ಓಡ್ಯಾಳ.”

“ಎಲ್ಲಿ ಅದಾಳ ಈಗ?”

ಕಸ್ತೂರೆಮ್ಮ ಎದ್ದು ನಿಂತಳು. ಅವಳ ನೋಟವೂ ಒಳಕೋಣೆಯ ಮುಚ್ಚಿದ ಬಾಗಿಲ ಮೇಲೆ ಬಿದ್ದಿತ್ತು.

ಶಾಹೀಸ್ತಾಳಿಗೆ ಅದಾವುದೂ ಬೇಕಿರಲಿಲ್ಲ. ಮಂಡಿಯ ಮೇಲೆ ಸರಿದು ಹೋಗಿ ತಾಯಿಯ ಎರಡೂ ಕೈ ಹಿಡಿದಳು. ತೊಳೆದರೂ ಉಗುರಿನ ಸಂದಿಯಲ್ಲಿ ಹಿಟ್ಟು ಉಳಿದಿದ್ದ ಕೈಗಳು.

“ಶಾಹೀಸ್ತಾ ಆಕಿ ಆದ್ರ, ನಾ ಯಾರು ಅಮ್ಮೀ?”

“ನೀ ನನ್ನ ಮಗಳು.”

“ಅದಲ್ಲ ನಾ ಕೇಳಾಕತ್ತಿದ್ದು. ಅಪ್ಪ ನನ್ನ ಎಲ್ಲಿಂದ ತಂದ?”

“ಗದ್ದ್ಯಾಗ ನಾಟಿ ಹಚ್ಚಾಕ ಬಂದ ಮಂದ್ಯಾಗಿನ ಕೂಸು ನೀ. ಗುಡಿಸಲದಾಗ ನಿಮ್ಮವ್ವ ಜ್ವರದಿಂದ ಸತ್ತಿದ್ಲು. ನೀ ಬಾಜೂ ಕುಂತು ಆಕೀನ ಎಬ್ಬಸಾಕತ್ತಿದ್ದಿಯಂತ. ಮಂದಿ ಎಲ್ಲಾ ಕೂಡಿ ನಿಮ್ಮಪ್ಪನ ಕೈಯಾಗ ಇಟ್ಟಾರ. ಅಷ್ಟs ನನಗ ಗೊತ್ತಿರೋದು.”

“ನನಗೊಂದು ಹೆಸರು ಇರಬೇಕಲ್ಲ. ನಮ್ಮವ್ವ ಏನಂತ ಕರೀತಿದ್ಲು ನನ್ನ?”

ಸುಭಾನಬಿ ಕೈ ಬಿಡಿಸಿಕೊಂಡಳು. ಮೊದಲ ಬಾರಿಗೆ ಅವಳ ಮುಖದಲ್ಲಿ ಭಯ ಕಂಡಿತು. “ಕೇಳಬ್ಯಾಡ. ನಿಮ್ಮಪ್ಪ ಒಂದs ಸಲ ಹೇಳಿದ್ದ. ನನ್ನ ಬಾಯಿಂದ ಅದು ಎಂದೂ ಬಂದಿಲ್ಲ. ಅದನ್ನ ಅಂದ್ರ ನೀ ನನ್ನ ಬಿಟ್ಟು ಹೋಗ್ತಿ ಅಂತ ಹೆದರಿಕಿ ಇತ್ತು. ಒಬ್ಬಾಕೀಗೆ ಮಾತ್ರ ಹೇಳೀನಿ. ಆಕೀ ಹೆಸರು ನಿನಗ ಕೊಟ್ಟಿದ್ದಕ್ಕ, ನಿಂದು ಆಕೀಗೆ ಹೇಳಬೇಕು ಅನಿಸ್ತು.”

ಶಾಹೀಸ್ತಾ ಇನ್ನೇನೋ ಕೇಳಲು ಬಾಯಿ ತೆರೆದಳು. ಕಸ್ತೂರೆಮ್ಮ ಕೈಯೆತ್ತಿ ತಡೆದಳು.

ಒಳಕೋಣೆಯಲ್ಲಿ ಚಿಲಕ ಸರಿದ ಸದ್ದಾಯಿತು.

ಬಾಗಿಲು ತೆರೆಯಲಿಲ್ಲ. ಅದರ ಹಿಂದಿನಿಂದ ಒಂದು ಹೆಣ್ಣುದನಿ ಕೇಳಿಸಿತು. ಮಲಗಿದ ಕೂಸನ್ನು ಎಬ್ಬಿಸುವವರ ಹಾಗೆ, ಮೆತ್ತಗೆ, ಎಳೆದು ಕರೆಯುವ ದನಿ.

“ಅಮರೀ… ಏ ಅಮರೀ…”

“ಬಂದೆ ಯವ್ವಾ,” ಎಂದಳು ಶಾಹೀಸ್ತಾ.

ಮಾತು ಬಾಯಿಂದ ಬಿದ್ದ ಮೇಲಷ್ಟೇ ಅದು ಅವಳಿಗೆ ಕೇಳಿಸಿತು. ‘ಯವ್ವಾ’ ಎಂದು ಅವಳು ಈ ಬದುಕಿನಲ್ಲಿ ಯಾರನ್ನೂ ಕರೆದಿರಲಿಲ್ಲ.